ಐವತ್ನಾಲ್ಕು ಮೈಲಿಯ ದಂಬೆ

ಫ್ರೆಸ್ನೋ, ಕ್ಯಾಲಿಫೋರ್ನಿಯಾ

ತೀರ್ಥರೂಪ ಅಪ್ಪಯ್ಯನಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ.

ಲಾರಿ ಇಲ್ಲದ ಕಾಲದಲ್ಲಿ ಇಲ್ಲಿಯ ಬೆಟ್ಟದಿಂದ ನಾಟ ಹೇಗೆ ಇಳಿಸುತ್ತಿದ್ದರು ಎಂದು ಕೇಳಿದ್ದಿರಲ್ಲ. ಅಡಿಕೆ ಮರ ಸೀಳಿ ಅಬ್ಬಿ ನೀರು ಹರಿಸುವ ನಮ್ಮ ದಂಬೆಯನ್ನೇ ನೆನೆದುಕೊಳ್ಳಿ. ಅಂಥದೇ ದೊಡ್ಡ ಮರದ ದಂಬೆಯಲ್ಲಿ ನೀರು ಬಿಟ್ಟು ನಾಟ ತೇಲಿಸುತ್ತಿದ್ದರು. ಅದಕ್ಕೆ ಇಲ್ಲಿ ಫ್ಲೂಮ್ ಎನ್ನುತ್ತಾರೆ. 1890ರಲ್ಲಿ ಮಿಲ್‌ವುಡ್‌ನ ಸಾಮಿಲ್ಲಿನಿಂದ ಕೆಳಗಿನ ಸ್ಯಾಂಗರ್ ಊರಿಗೆ 54 ಮೈಲಿ ಉದ್ದದ್ದು ಕಟ್ಟಿ ಮುಗಿಸಿದರು. ಜನ ದಿಮ್ಮಿಯ ಕಾಲುವೆ ಎಂದರೂ ಇದರಲ್ಲಿ ಇಳಿದದ್ದು ಕೊಯ್ದ ಹಲಗೆ. ಸಿಕ್ವೋಯಾ ಎಂಬ ದೈತ್ಯ ಮರದ ದಿಮ್ಮಿಗಳು ಎಷ್ಟು ದಪ್ಪವೆಂದರೆ ಸಿಡಿಮದ್ದು ಇಟ್ಟು ಸೀಳದೆ ಗರಗಸಕ್ಕೇ ಹಿಡಿಸುತ್ತಿರಲಿಲ್ಲ.

ಜಾಣತನವೆಲ್ಲ ಆಕಾರದಲ್ಲಿದೆ. ಮೊದಲಿನವು ಚಪ್ಪಟೆ ತಳದ ಪೆಟ್ಟಿಗೆಗಳು. ಮರ ಓರೆಯಾಗಿ ಸಿಕ್ಕಿಕೊಂಡರೆ ಕೈಯಿಂದಲೇ ಬಿಡಿಸಬೇಕು. ಎರಡಡಿ ಅಗಲದ ಹಲಗೆ ಎರಡನ್ನು ಮೂಲೆಮಟ್ಟಕ್ಕೆ ಕೂಡಿಸಿ ‘ವಿ’ ಮಾಡಿದರೆ ಆ ಕಷ್ಟ ಕಡಿಮೆ. ಮರ ನಿಂತಿತೋ, ಅದರ ಹಿಂದೆ ನೀರು ಏರುತ್ತದೆ. ಮೇಲಕ್ಕೆ ಹೋದಷ್ಟೂ ಜಾಗ ಅಗಲ, ಮರ ತಾನಾಗಿ ತೇಲಿ ಹೊರಡುತ್ತದೆ. ನೀರೂ ಕಡಿಮೆ ಸಾಕು. ಈ ಉಪಾಯದ ಶ್ರೇಯ ನೆವಾಡಾದ ಜೆ. ಡಬ್ಲ್ಯು. ಹೇನ್ಸ್ ಎಂಬವರಿಗೆ ಸಲ್ಲುತ್ತದೆ.

ಹಲಗೆಗಳನ್ನು ಕಟ್ಟು ಮಾಡಿ ಕ್ಲಾಂಪು ಬಿಗಿದು, ಕೆಲವು ಕಟ್ಟುಗಳನ್ನು ಹಗ್ಗದಲ್ಲಿ ಸಾಲಾಗಿ ಪೋಣಿಸಿ ಬಿಡುತ್ತಿದ್ದರು. ನೀರಿಗೆಂದೇ ಹಳ್ಳಕ್ಕೆ ಒಡ್ಡು ಹಾಕಿದ್ದು ಈಗಿನ ಸಿಕ್ವೋಯಾ ಕೆರೆ.

ಕಷ್ಟ ಇದ್ದದ್ದು ಇಳಿಜಾರು ಹಿಡಿಯುವುದರಲ್ಲಿ. ಕಡಿದಾದ ಕಡೆ ನೀರು ಓಡಿ ತೆಳುವಾಗುತ್ತದೆ, ಮರ ತಳಕ್ಕೆ ಉಜ್ಜಿ ಹಲಗೆ ಸವೆಯುತ್ತದೆ. ತಿರುವಿನಲ್ಲಿ ಹೊರಕ್ಕೆ ಹಾರುವುದೂ ಉಂಟು. ಸಪಾಟಾದ ಕಡೆ ಮುಂದಿನದು ನಿಧಾನವಾಗಿ, ಹಿಂದಿನದು ಬಂದು ಗುದ್ದಿ ರಾಶಿ ಬೀಳುತ್ತದೆ. ಆಗ ನೀರು ಉಕ್ಕಿ ಕೆಳಗೆ ಸುರಿಯುತ್ತದೆ. ಹಲಗೆ ಒಡೆದರೆ ಬದಲಾಯಿಸಬಹುದು, ಆದರೆ ಆ ನೀರು ಫ್ಲೂಮನ್ನು ಹೊತ್ತ ಅಟ್ಟಣೆಯ ಕಾಲಿನ ಬುಡದ ಮಣ್ಣು ಕೊಚ್ಚಿ ಕಾಲು ಕುಸಿದರೆ ಮಟ್ಟವೇ ಕೆಡುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಕಾವಲಿನವರ ಗುಡಿಸಲು ಇದ್ದವು. ಪಕ್ಕದ ಒಂಟಿ ಹಲಗೆಯ ಮೇಲೆ ಕೊಕ್ಕೆಕೋಲು ಹಿಡಿದು ತಿರುಗುವುದೇ ಅವರ ಕೆಲಸವಾಗಿತ್ತು. ಫ್ಲೂಮನ್ನು ಬಿಸಿಲಲ್ಲಿ ಖಾಲಿ ಬಿಟ್ಟರೆ ನಮ್ಮ ದಂಬೆಯಂತೆಯೇ ಬಿರಿಯುತ್ತದೆ. ಮತ್ತೆ ನೀರು ಬಿಟ್ಟರೂ ಹಲಗೆ ಊದಿ ಸಂದು ಮುಚ್ಚುವವರೆಗೆ ಸೋರಿಕೆ ನಿಲ್ಲದು.

ಅಮೆರಿಕದಲ್ಲಿ ಕೊನೆಯವರೆಗೆ ಓಡಿದ್ದು ವಾಷಿಂಗ್ಟನ್ ರಾಜ್ಯದ ಬ್ರೌಟನ್ ಫ್ಲೂಮ್. ಒಂಬತ್ತೇ ಮೈಲಿ, ಆದರೆ 1986ರವರೆಗೂ ನಿಂತಿರಲಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮಗ