‘ಸೆಟ್ ಆಗ್ತೈತ್ರಿ’ ಎಂದವರಿಗೆ ಒಂದು ದೂರು ಪತ್ರ

ದಾವಣಗೆರೆ
24-11-2025

ಗೆ,
ಮಾಲೀಕರು,
ಕಾರ್ ಸರ್ವಿಸ್ ಸೆಂಟರ್,
ಪಿ.ಬಿ. ರಸ್ತೆ, ದಾವಣಗೆರೆ.

ಮಾನ್ಯರೇ,

ವಿಷಯ: ನನ್ನ ರಿಟ್ಜ್ ಡೀಸೆಲ್ ಕಾರಿಗೆ ಸ್ವಿಫ್ಟ್ ಪೆಟ್ರೋಲ್ ಕಾರಿನ ಮುಂದಿನ ಷಾಕ್ ಅಬ್ಸಾರ್ಬರ್ ಕೂರಿಸಿ, ರಿಟ್ಜ್‌ನದೆಂದು ಬಿಲ್ ಬರೆದಿರುವ ಬಗ್ಗೆ.

ಉಲ್ಲೇಖ: ನಿಮ್ಮ ಜಾಬ್ ಕಾರ್ಡ್, ನಿಮ್ಮ 8,050 ರೂಪಾಯಿಯ ಬಿಲ್, ನಾನು ಮಾಡಿದ ಒಂಬತ್ತು ಫೋನ್ ಕರೆ, ಒಂಬತ್ತು ಸಲವೂ ನಿಮ್ಮವರು ಹೇಳಿದ ‘ಸೆಟ್ ಆಗ್ತೈತ್ರಿ’.

ಈ ಪತ್ರವನ್ನು ಸಮಾಧಾನದಿಂದ ಬರೆಯಬೇಕೆಂದು ಕೂತಿದ್ದೇನೆ. ಮೊದಲು ಬರೆದದ್ದನ್ನು ನಮ್ಮ ಮನೆಯವರು ಓದಿ, ಇದನ್ನು ಕಳಿಸಿದರೆ ನೀವೇ ನನ್ನ ಮೇಲೆ ಕೇಸು ಹಾಕುತ್ತೀರಿ ಎಂದು ಹರಿದು ಹಾಕಿದರು. ಇದು ಎರಡನೆಯದು.

ಸೆಪ್ಟೆಂಬರ್ 9ರಂದು ಗಾಡಿಯನ್ನು ನಿಮ್ಮಲ್ಲಿ ಬಿಟ್ಟೆ. 2014ರ ಮಾಡೆಲ್, ಮೀಟರ್ ಓದು 1,14,620. ಮುಂದಿನ ಎಡಗಡೆ ಷಾಕಿನಿಂದ ಎಣ್ಣೆ ಸೋರುತ್ತಿತ್ತು. ಒಂದು ಹಾಕಿದರೆ ಸಾಲದು, ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು ಎಂದಿರಿ. ಅದು ಸರಿಯಾದ ಮಾತೇ, ಒಪ್ಪಿದೆ. ಷಾಕ್ ಎರಡಕ್ಕೆ 4,900, ಷಾಕನ್ನು ಮೇಲೆ ಹಿಡಿದಿಡುವ ಮೌಂಟಿಂಗ್ ಎರಡಕ್ಕೆ 1,300, ಕೂಲಿ 1,400, ಚಕ್ರಗಳ ಓರೆ ಸರಿಪಡಿಸುವ ವೀಲ್ ಅಲೈನ್‌ಮೆಂಟ್ 450. ಚೌಕಾಸಿ ಮಾಡಲಿಲ್ಲ. ಚೌಕಿಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಅಂಗಡಿ ಇಟ್ಟವನು ನಾನು. ಚೌಕಾಸಿ ಮಾಡುವವರನ್ನು ದಿನಾ ನೋಡಿ ನೋಡಿ ಅದರ ಮೇಲೆ ಜಿಗುಪ್ಸೆ ಬಂದಿದೆ.

ಗಾಡಿ ತಗೊಂಡು ಮನೆಗೆ ಹೋಗುವಾಗ ಗುಂಡಿ ಸರ್ಕಲ್ ಹತ್ತಿರ ಮೊದಲ ಸಲ ‘ಟಕ್’ ಎಂದಿತು. ಹೆಸರು ಗುಂಡಿ ಸರ್ಕಲ್ ಎಂದಿದ್ದರೂ ಆ ದಿನ ಅಲ್ಲಿ ಒಂದು ಗುಂಡಿಯೂ ಇರಲಿಲ್ಲ. ಸಣ್ಣ ಹಂಪ್ಸ್ ಹತ್ತಿ ಇಳಿದೆ, ಅಷ್ಟೇ. ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ ಬಾಗುತ್ತಿತ್ತು, ಬಿಟ್ಟರೆ ಎದ್ದು ಇನ್ನೊಂದು ಸಲ ತೂಗುತ್ತಿತ್ತು. ಸ್ಟೇರಿಂಗ್ ಕೈಬಿಟ್ಟರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅವತ್ತೇ ಸಂಜೆ ಫೋನ್ ಮಾಡಿದೆ. ‘ಹೊಸದಲ್ರೀ ಸರ್, ಮುನ್ನೂರು ಕಿಲೋಮೀಟರ್ ಓಡ್ಸ್ರಿ, ಸೆಟ್ ಆಗ್ತೈತಿ.’ ಮುನ್ನೂರು ಆದ ಮೇಲೆ ಐನೂರು ಎಂದಿರಿ. ಐನೂರು ಆದ ಮೇಲೆ ಸಾವಿರ. ಅಷ್ಟು ಹೊತ್ತಿಗೆ ನನಗೊಂದು ಅನುಮಾನ ಬಂತು: ಇವರು ಹೇಳುತ್ತಿರುವುದು ಗಾಡಿ ಸೆಟ್ ಆಗುವ ವಿಷಯವೋ, ನಾನು ಸೆಟ್ ಆಗುವ ವಿಷಯವೋ?

ಇನ್ನು ಅಕ್ಟೋಬರ್ 25ರ ಶನಿವಾರದ ಸಂಗತಿ. ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ಒಂದೊಂದು ಮಾತೂ ನೆನಪಿದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಅವತ್ತು ನಮ್ಮ ಬೀಗರನ್ನು ಸಿರಿಗೆರೆ ಮಠಕ್ಕೆ ಕರೆದುಕೊಂಡು ಹೋಗಿದ್ದೆ. ಮಗಳನ್ನು ಕೊಟ್ಟ ಮನೆಯ ಹಿರಿಯರು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಆನಗೋಡು ದಾಟಿ ಭರಮಸಾಗರದವರೆಗೆ ಹೈವೇಯಲ್ಲಿ ಹೇಗೋ ಮಾನ ಉಳಿಯಿತು. ಸಿರಿಗೆರೆ ಕಡೆ ತಿರುಗಿ ಮೊದಲ ಹಂಪ್ಸ್ ಇಳಿದಾಗ ಬೀಗರ ತಲೆ ಮೇಲಕ್ಕೆ ತಾಗಿತು. ಅವರು ದೊಡ್ಡವರು, ಏನೂ ಅನ್ನಲಿಲ್ಲ. ಎರಡನೇ ಹಂಪ್ಸ್‌ನಲ್ಲಿ ಮಾತ್ರ, ‘ಬೀಗರೇ, ವಾಪಸ್ ಬರುವಾಗ ಬಸ್ಸು ಸಿಗುತ್ತಾ?’ ಎಂದು ಮೆಲ್ಲಗೆ ಕೇಳಿದರು.

ವಾಪಸ್ ಬರುವಾಗ ದಾರಿಯಲ್ಲೇ ಇದೆಯಲ್ಲ ಎಂದು ನೇರ ನಿಮ್ಮಲ್ಲಿಗೆ ಬಂದೆ. ಬೀಗರೂ ಇಳಿದು ಒಳಗೆ ಬಂದರು. ಕೌಂಟರಿನಲ್ಲಿ ನಿಮ್ಮ ಸೂಪರ್‌ವೈಸರ್, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತಿದ್ದರು. ಇನ್ನೂ ಮೂವರು ಗಿರಾಕಿಗಳು ಕೂತಿದ್ದರು. ಕುರ್ಚಿ ಇದ್ದದ್ದು ನಾಲ್ಕು, ನಾಲ್ಕನೆಯದರ ಮೇಲೆ ಒಂದು ಬ್ಯಾಟರಿ ಕೂತಿತ್ತು. ಬೀಗರು ನಿಂತೇ ಇದ್ದರು.

‘ಏನ್ರಿ ಸರ್ ಪ್ರಾಬ್ಲಂ?’

‘ಮುಂದೆ ಎಡಗಡೆ ಶಬ್ದ ಬರ್ತಿದೆ. ಫೋನ್‌ನಲ್ಲಿ ಎಂಟು ಸಲ ಹೇಳಿದ್ದೀನಿ.’

‘ಎಂಥಾ ಶಬ್ದ?’

‘ಟಕ್ ಅಂತ.’

‘ಟಕ್ ಅಂತನೋ ಟಪ್ ಅಂತನೋ? ಎರಡೂ ಬ್ಯಾರೆ ಬ್ಯಾರೆ ಕಂಪ್ಲೇಂಟ್ ರೀ. ಒಂದ್ಸಲ ಮಾಡಿ ತೋರಿಸ್ರಿ.’

ನನಗೀಗ ಐವತ್ತೆಂಟು. ಇಷ್ಟು ವಯಸ್ಸಿನಲ್ಲಿ, ಬೀಗರ ಎದುರಿಗೆ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ‘ಟಕ್’ ಎಂದು ಮಾಡಿ ತೋರಿಸಿದೆ. ಯಾಕೆ ಮಾಡಿದೆನೋ ಇವತ್ತಿಗೂ ತಿಳಿಯದು. ನಿಮ್ಮವರು ತಲೆ ಓರೆ ಮಾಡಿ ಕೇಳಿ, ‘ಇನ್ನೊಂದ್ಸಲ’ ಎಂದರು. ಇನ್ನೊಂದು ಸಲ ಮಾಡಿದೆ. ಆಮೇಲೆ ಒಳಗೆ ರ‍್ಯಾಂಪ್ ಕೆಳಗಿದ್ದ ಹುಡುಗನನ್ನು ಕೂಗಿದರು: ‘ಲೇ ಬಾ ಇಲ್ಲಿ, ಸರ್ ಸೌಂಡ್ ಮಾಡ್ತಾರ, ಕೇಳು.’

ಹುಡುಗ ಗ್ರೀಸ್ ಕೈ ಒರೆಸಿಕೊಳ್ಳುತ್ತಾ ಬಂದು ನಿಂತ. ನಾನು ಮಾಡಲಿಲ್ಲ. ಅಷ್ಟರಮಟ್ಟಿಗೆ ಮಾನ ಉಳಿಸಿಕೊಂಡೆ ಎಂದುಕೊಂಡೆ. ಆದರೆ ಕೂತಿದ್ದ ಗಿರಾಕಿಗಳಲ್ಲಿ ಒಬ್ಬರು ನನ್ನ ಪರವಾಗಿ ‘ಟಕ್’ ಎಂದು ಮಾಡಿ ತೋರಿಸಿದರು. ಚೆನ್ನಾಗಿಯೇ ಮಾಡಿದರು.

ಮೂರು ಚಹಾ ಬಂತು. ಒಂದು ನಿಮ್ಮವರಿಗೆ, ಒಂದು ಹುಡುಗನಿಗೆ, ಒಂದು ಬಿಲ್ ಬರೆಯುವಾಕೆಗೆ. ಬೀಗರು ಚಹಾದ ಕಡೆ ನೋಡಿದ್ದನ್ನು ನಾನು ನೋಡಿದೆ.

ನಿಮ್ಮ ಸೂಪರ್‌ವೈಸರ್ ಚಹಾ ಹೀರುತ್ತಾ ಹೊರಗೆ ಬಂದು, ಬಾನೆಟ್ ಮೂಲೆಯನ್ನು ಒಂದು ಕೈಯಲ್ಲಿ ಒತ್ತಿ ಬಿಟ್ಟು, ‘ಪರ್ಫೆಕ್ಟ್ ಐತ್ರಿ’ ಎಂದರು. ಗಾಡಿ ಇನ್ನೂ ತೂಗುತ್ತಿತ್ತು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ‘ಸರ್, ತಪ್ಪು ತಿಳೀಬ್ಯಾಡ್ರಿ, ನಿಮ್ಮ ತೂಕ ಎಷ್ಟು?’ ಎಂದು ಕೇಳಿದರು.

ಎಂಬತ್ತೊಂಬತ್ತು ಎಂದೆ. ಎಂಬತ್ತೆರಡು ಎನ್ನಬಹುದಿತ್ತು, ಯಾರೂ ತಕ್ಕಡಿ ತರುತ್ತಿರಲಿಲ್ಲ. ಆದರೂ ನಿಜ ಹೇಳಿದೆ. ಅವರ ಕಣ್ಣು ಬೀಗರ ಕಡೆಗೆ ತಿರುಗಿತು. ಬೀಗರು ನನಗಿಂತ ಒಂದು ಹಿಡಿ ಜಾಸ್ತಿಯೇ. ‘ನೋಡ್ರಿ, ಅದಕ್ಕಾ. ಗಾಡ್ಯಾಗೇನೂ ಇಲ್ರಿ. ಇಬ್ರೂ ಮುಂದ ಕೂತ್ರ ಹಿಂಗಾ ಆಗೋದು. ಒಬ್ರು ಹಿಂದ ಕೂತ್ಕೊಳ್ರಿ, ಸೆಟ್ ಆಗ್ತೈತಿ.’

ಬೀಗರು ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದರು. ಬೆಣ್ಣೆ ದೋಸೆ ತಿನ್ನಿಸಿ ಕಳಿಸಬೇಕೆಂದಿದ್ದೆ. ಹಸಿವಿಲ್ಲ ಎಂದರು. ದಾವಣಗೆರೆಗೆ ಬಂದವರು ಬೆಣ್ಣೆ ದೋಸೆಗೆ ಹಸಿವಿಲ್ಲ ಎಂದರೆ ಅದರ ಅರ್ಥ ಏನೆಂದು ಈ ಊರಿನವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಗೆ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ದೀಪಾವಳಿಯ ಸರಕು ತಂದಾಗಿನಿಂದ ಡಿಕ್ಕಿಯಲ್ಲಿ ಬಿದ್ದಿದ್ದ ರಟ್ಟು, ಹಗ್ಗವನ್ನೆಲ್ಲ ಮೊನ್ನೆ ತೆಗೆಯುವಾಗ, ಕೆಳಗೆ ನೀವು ಇಟ್ಟಿದ್ದ ಎರಡು ಉದ್ದನೆಯ ಡಬ್ಬಿ ಸಿಕ್ಕವು. ನಿಮ್ಮ ಜಾಬ್ ಕಾರ್ಡಿನ ಹಿಂಬದಿಯ ನಾಲ್ಕನೇ ಷರತ್ತು: ‘ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ಗ್ರಾಹಕರಿಗೆ ಹಿಂದಿರುಗಿಸಲಾಗುವುದು.’ ಬಹಳ ಒಳ್ಳೆಯ ಷರತ್ತು. ನಿಮ್ಮ ಹುಡುಗ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ನನ್ನ ಹಳೆಯ ಷಾಕುಗಳನ್ನು ಹೊಸ ಷಾಕು ಬಂದಿದ್ದ ಡಬ್ಬಿಯಲ್ಲೇ ಹಾಕಿ, ಟೇಪ್ ಸುತ್ತಿ, ನೀಟಾಗಿ ಇಟ್ಟಿದ್ದಾನೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಸ್ವಿಫ್ಟ್ ಪೆಟ್ರೋಲ್, ಮುಂದಿನದು’ ಎಂದು ಅಚ್ಚಾಗಿದೆ. ಎರಡರ ಮೇಲೂ. ಆ ಹುಡುಗನಿಗೆ ಸಂಬಳ ಜಾಸ್ತಿ ಮಾಡಿ. ನಿಮ್ಮಲ್ಲಿ ನಿಯಮ ಪಾಲಿಸುವವನು ಅವನೊಬ್ಬನೇ.

ಡಬ್ಬಿಗಳನ್ನು ಹದಡಿ ರಸ್ತೆ ಕಡೆಯ ಒಬ್ಬ ಹಳೇ ಮೇಸ್ತ್ರಿಗೆ ತೋರಿಸಿದೆ. ಬೋರ್ಡೂ ಇಲ್ಲದ ಗ್ಯಾರೇಜು. ಅವರು ಚೀಟಿ ಓದಲಿಲ್ಲ, ಓದಲು ಕನ್ನಡಕವಿರಲಿಲ್ಲ. ಜಾಕ್ ಕೊಟ್ಟು ಎಡ ಚಕ್ರ ಬಿಚ್ಚಿ, ನೀವು ಹಾಕಿದ ಷಾಕನ್ನು ಇಳಿಸಿ, ಸ್ಪ್ರಿಂಗ್ ಕಳಚಿ, ನೆಲಕ್ಕೆ ಗೋಣಿಚೀಲ ಹಾಸಿ ನನ್ನ ಹಳೇದರ ಪಕ್ಕ ಮಲಗಿಸಿದರು. ಎರಡರ ರಾಡನ್ನೂ ಪೂರ್ತಿ ಎಳೆದರು. ನನ್ನ ಜೇಬಿನಲ್ಲಿ ಯಾವಾಗಲೂ ಅಳತೆ ಟೇಪು ಇರುತ್ತದೆ, ವೃತ್ತಿಯ ಚಟ. ಹಿಡಿದೆ. ನಿಮ್ಮದು ಮುಕ್ಕಾಲು ಇಂಚು ಗಿಡ್ಡ. ಮೇಸ್ತ್ರಿ ರಾಡನ್ನು ಇನ್ನೊಮ್ಮೆ ಜೋರಾಗಿ ಎಳೆದು ಕೊನೆಗೆ ಮುಟ್ಟಿಸಿದರು. ‘ಟಕ್’ ಎಂದಿತು. ಅದೇ ಶಬ್ದ. ನಾನು ಬಾಯಲ್ಲಿ ಮಾಡಿದ್ದಕ್ಕಿಂತ ಸ್ವಲ್ಪ ದಪ್ಪ, ಅಷ್ಟೇ. ಚಕ್ರ ಕೆಳಕ್ಕೆ ಇಳಿದಾಗಲೆಲ್ಲ ರಾಡು ಹೋಗಿ ಕೊನೆಗೆ ಬಡಿಯುತ್ತಿತ್ತು.

ಅವರು ಹೇಳಿದ್ದನ್ನು ನಿಮಗೆ ಹೇಳುವುದು ಅಧಿಕಪ್ರಸಂಗ, ನೀವು ಬಲ್ಲವರು. ಆದರೂ ಬರೆದಿಡುತ್ತೇನೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು ಷಾಕು. ಒಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ತೂರಿ ಹೋಗುವಾಗ ಆಗುವ ತಡೆಯೇ ಅದರ ಕೆಲಸ. ಆ ತಡೆ ಎಷ್ಟಿರಬೇಕೆಂದು ಗಾಡಿಯ ತೂಕ ನೋಡಿ ಕಂಪನಿಯವರು ಲೆಕ್ಕ ಹಾಕಿರುತ್ತಾರೆ. ನನ್ನದು 1,248 ಸಿಸಿ ಡೀಸೆಲ್ ಎಂಜಿನ್, ಪೆಟ್ರೋಲ್ ಎಂಜಿನ್‌ಗಿಂತ ಭಾರ. ಆ ಭಾರದ ಕುಣಿತವನ್ನೆಲ್ಲ ತಡೆಯಬೇಕಾದದ್ದು ಮುಂದಿನ ಎರಡು ಷಾಕು. ಇದಕ್ಕೆ ನನ್ನ ತೂಕವಾಗಲಿ ಬೀಗರ ತೂಕವಾಗಲಿ ಕಾರಣವಲ್ಲ ಎಂದು ಮೇಸ್ತ್ರಿ ಕೇಳದೆಯೇ ಹೇಳಿದರು. ಆ ಮಾತಿಗೇ ಅವರಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟೆ.

ಅಲೈನ್‌ಮೆಂಟ್ ವಿಷಯ. ಸ್ಟ್ರಟ್, ಅಂದರೆ ಸ್ಪ್ರಿಂಗು ಸಮೇತದ ಷಾಕು, ಬಿಚ್ಚಿ ಹಾಕಿದ ಮೇಲೆ ಅಲೈನ್‌ಮೆಂಟ್ ನೋಡಲೇಬೇಕು, ಅದಕ್ಕೆ ನೀವು 450 ತಗೊಂಡಿದ್ದೀರಿ. ಮಾಡಿದ್ದರೆ ಮಿಷನ್ನಿನ ಪ್ರಿಂಟ್ ಎಲ್ಲಿ? 1,340 ಕಿಲೋಮೀಟರಿಗೆ ಎಡ ಟೈರಿನ ಒಳ ಅಂಚು ಬೋಳಾಗಿದೆ.

ಇದನ್ನೆಲ್ಲ ಒಂಬತ್ತನೇ ಫೋನಿನಲ್ಲಿ ಹೇಳಿದೆ. ಈ ಸಲ ಉತ್ತರ ಬದಲಾಯಿತು. ‘ರಿಟ್ಜ್ ನಿಂತು ಹೋಗ್ಯಾದಲ್ರೀ ಸರ್, ಪಾರ್ಟ್ ಎಲ್ಲಿ ಸಿಗ್ತಾವ? ಸ್ವಿಫ್ಟೂ ರಿಟ್ಜೂ ಒಂದಾ ಮನಿ ಮಕ್ಕಳು. ಬೋಲ್ಟ್ ಕೂತ್ರ ಆತು, ಸೆಟ್ ಆಗ್ತೈತಿ.’ ರಿಟ್ಜ್ 2017ರಲ್ಲಿ ನಿಂತದ್ದು ನಿಜ. ಸ್ವಿಫ್ಟ್‌ನ ತಳಪಾಯದ ಮೇಲೇ ಅದನ್ನು ಕಟ್ಟಿದ್ದೂ ನಿಜ. ಆದರೆ ಒಂದೇ ಮನೆಯ ಅಣ್ಣತಮ್ಮಂದಿರು ನನ್ನ ಅಂಗಡಿಗೆ ಬಂದರೂ ಇಬ್ಬರಿಗೂ ಬೇರೆ ಬೇರೆ ಅಳತೆ ಹಿಡಿಯುತ್ತೇನೆ. ನಲವತ್ತೆರಡರ ಎದೆಯವನಿಗೆ ಮೂವತ್ತೆಂಟರ ಅಂಗಿ ತೊಡಿಸಿ, ಗುಂಡಿ ಕೂತಿತಲ್ಲ, ಸೆಟ್ ಆಗುತ್ತೆ ಎಂದು ಕಳಿಸಿದ್ದರೆ ನಾನು ಇಪ್ಪತ್ತೆರಡು ಯುಗಾದಿ ನೋಡುತ್ತಿರಲಿಲ್ಲ. ಇನ್ನು ಪಾರ್ಟ್ ಸಿಗುವುದಿಲ್ಲ ಎಂಬ ಮಾತು. ಬಿಡಿಭಾಗದ ಅಂಗಡಿಯೊಂದಕ್ಕೆ ಫೋನ್ ಮಾಡಿದೆ, ನಾಳೆ ಸಂಜೆಗೆ ತರಿಸಿ ಕೊಡುತ್ತೇವೆ ಎಂದರು. ನಾಳೆ ಸಂಜೆಗೆ ಬಂತು. ಸಿಗದಿದ್ದರೂ ಸಿಗಲಿಲ್ಲ ಎಂದೇ ಹೇಳಬಹುದಿತ್ತು. ಬಿಲ್ಲಿನಲ್ಲಿ ‘ರಿಟ್ಜ್ ಡೀಸೆಲ್’ ಎಂದು ಬರೆದ ಕೈ ಯಾರದು?

ಈಗ ನನಗೆ ಬೇಕಾದದ್ದು: 8,050 ರೂಪಾಯಿ ವಾಪಸ್, ಹಾಳಾದ ಟೈರಿನ ಬೆಲೆ, ಮೇಸ್ತ್ರಿಗೆ ಕೊಟ್ಟ ಕೂಲಿ. ಆರು ತಿಂಗಳು ಅಥವಾ 10,000 ಕಿಲೋಮೀಟರ್ ಗ್ಯಾರಂಟಿ ಎಂಬ ಬೋರ್ಡು ನಿಮ್ಮ ಕೌಂಟರಿನ ಹಿಂದೆಯೇ ಇದೆ. ನನ್ನ ತೂಕ ಕೇಳುವಾಗ ನಿಮ್ಮವರು ಅದರ ಕೆಳಗೇ ನಿಂತಿದ್ದರು. ಹದಿನೈದು ದಿನ ಸಮಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ ಆಗಿದೆ. ಕನ್ನಡದಲ್ಲೇ ಮಾತಾಡಿದರು, ಟಕ್ ಅಂತಲೋ ಟಪ್ ಅಂತಲೋ ಎಂದು ಕೇಳಲಿಲ್ಲ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಾಗಿಲ್ಲ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ನನಗೆ ಪುರಸೊತ್ತಿದೆ.

ನಿಜ ಹೇಳಬೇಕೆಂದರೆ ದುಡ್ಡು ಬೇಗ ಕೊಟ್ಟುಬಿಡುತ್ತೀರೇನೋ ಎಂಬ ಭಯವೂ ಸ್ವಲ್ಪ ಇದೆ. ಆಯೋಗದ ಮುಂದೆ ಆ ಎರಡು ಷಾಕನ್ನು ಅಕ್ಕಪಕ್ಕ ಮಲಗಿಸಿ, ಟೇಪು ಹಿಡಿದು, ರಾಡು ಎಳೆದು ‘ಟಕ್’ ಎನ್ನಿಸಬೇಕೆಂದು ಮನಸ್ಸು ಮಾಡಿಕೊಂಡಿದ್ದೇನೆ. ನಿಮ್ಮ ಸೂಪರ್‌ವೈಸರ್ ಅವತ್ತು ಬರಲೇಬೇಕು. ‘ಇನ್ನೊಂದ್ಸಲ’ ಎಂದು ನಾನು ಹೇಳುತ್ತೇನೆ.

ಅಲ್ಲಿಯವರೆಗೆ ಗಾಡಿ ನಿಮ್ಮ ಗೇಟಿನ ಎದುರಿಗೆ, ರಸ್ತೆಯ ಆಚೆ ಬದಿ ನಿಂತಿರುತ್ತದೆ. ಹಿಂದಿನ ಗಾಜಿಗೆ ಬ್ಯಾನರ್ ಕಟ್ಟುತ್ತೇನೆ. ಬಟ್ಟೆ ನನ್ನ ಅಂಗಡಿಯದೇ, ಎಷ್ಟು ಉದ್ದ ಬೇಕಾದರೂ ಬರೆಸಬಹುದು. ನಿಮ್ಮ ಹೆಸರು ಬರೆಸುವುದಿಲ್ಲ. ‘ಸೆಟ್ ಆಗ್ತೈತ್ರಿ’ ಎಂದಷ್ಟೇ ಬರೆಸಿ, ನಿಮ್ಮ ಕಡೆಗೊಂದು ಬಾಣದ ಗುರುತು.

ಇಂತಿ,
ನಿಮ್ಮ ಮಾಜಿ ಗ್ರಾಹಕ,
ಚೌಕಿಪೇಟೆ, ದಾವಣಗೆರೆ.

ಅಡಕ: ಬಿಲ್ಲಿನ ಪ್ರತಿ, ಟೈರಿನ ಫೋಟೋ, ಡಬ್ಬಿಗಳ ಫೋಟೋ. ಡಬ್ಬಿಗಳು ನನ್ನ ಗಲ್ಲಾಪೆಟ್ಟಿಗೆಯ ಕೆಳಗಿವೆ, ಬೀಗ ಹಾಕಿದ್ದೇನೆ.