ಸರಾಸರಿ ಮನುಷ್ಯನಿಗೆ ಗೊತ್ತುಮಾಡಿದ ಮಿತಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ವಿಕಿರಣದ ಮಾತೆತ್ತಿದರೆ ಅಧಿಕಾರಿಗಳು ಮುಂದಿಡುವುದು ಎರಡೇ ಅಂಕಿ: ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ), ವಿಕಿರಣದ ನಡುವೆ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಹಾಕಿಕೊಟ್ಟ ಈ ಮಿತಿಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವು ಹೆಣ್ಣು, ಗಂಡು, ಎಳೆಯರು, ಮುದುಕರು ಎಲ್ಲರನ್ನೂ ಬೆರೆಸಿ ತೆಗೆದ ಲೆಕ್ಕ. ವಿಕಿರಣಕ್ಕೆ ಒಬ್ಬೊಬ್ಬರ ದೇಹದ ಸೂಕ್ಷ್ಮತೆ ಬೇರೆಬೇರೆ, ಕೆಲವರಿಗೆ ಅದು ಉಳಿದವರಿಗಿಂತ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಚಿಕಿತ್ಸೆಗೆ ಬಂದ ರೋಗಿಗಂತೂ ಅವು ಅನ್ವಯಿಸುವುದೇ ಇಲ್ಲ. ಅಲ್ಲಿ ಎಲ್ಲವೂ ವೈದ್ಯರ ವಿವೇಚನೆಗೆ ಬಿಟ್ಟದ್ದು.

ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಆನುವಂಶಿಕ ಕಾಯಿಲೆ ಇರುವ ಮಗುವನ್ನೇ ತೆಗೆದುಕೊಳ್ಳಿ. ನಡೆಯಲು ಕಲಿತಾಗಿನಿಂದ ಹೆಜ್ಜೆ ತೂರಾಡುತ್ತದೆ. ಕೆಲವು ವರ್ಷಗಳಲ್ಲಿ ಕಣ್ಣಿನ ಬಿಳಿಭಾಗದ ಮೇಲೆ ಕೆಂಪು ನೂಲೆಳೆಯಂಥ ರಕ್ತನಾಳಗಳು ಮೂಡುತ್ತವೆ. ವಿಕಿರಣದಿಂದ ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ದುರಸ್ತಿಗೆ ಕರೆ ಕೊಡುವುದು ಎಟಿಎಂ ಎಂಬ ಜೀನ್. 1995ರಲ್ಲಿ ಪತ್ತೆಯಾದ ಆ ಜೀನ್ ಈ ಮಕ್ಕಳಲ್ಲಿ ಕೆಟ್ಟಿರುತ್ತದೆ. ರಕ್ತ ಮತ್ತು ದುಗ್ಧರಸ (ಲಿಂಫ್) ಗ್ರಂಥಿಗಳ ಕ್ಯಾನ್ಸರ್ ಇವರನ್ನು ಹೆಚ್ಚಾಗಿ ಕಾಡುತ್ತದೆ. ಆಗ ಉಳಿದವರಿಗೆ ಕೊಡುವಷ್ಟೇ ವಿಕಿರಣ ಕೊಟ್ಟರೆ ಚಿಕಿತ್ಸೆಯೇ ಪ್ರಾಣಕ್ಕೆ ಎರವಾಗಬಹುದು. ಕಣ್ಣನ್ನೊಮ್ಮೆ ನೋಡಿ, ನಡಿಗೆಯ ಬಗ್ಗೆ ತಾಯಿಯನ್ನು ಕೇಳಿದ್ದರೆ ಸುಳಿವು ಸಿಗುತ್ತಿತ್ತು!

ಎಲ್ಲ ಅಪಾಯವೂ ಹೀಗೆ ತಕ್ಷಣ ಎದ್ದು ಕಾಣುವುದಿಲ್ಲ. ಆನುವಂಶಿಕ ರೆಟಿನೊಬ್ಲಾಸ್ಟೋಮಾ (ಕಣ್ಣಿನ ಅಕ್ಷಿಪಟದ ಕ್ಯಾನ್ಸರ್) ಇರುವ ಮಗು ವಿಕಿರಣ ಚಿಕಿತ್ಸೆಯನ್ನು ಆ ಹೊತ್ತಿಗೆ ತಡೆದುಕೊಂಡೀತು. ವರ್ಷಗಳ ಮೇಲೆ ಅದೇ ಜಾಗದ ಮೂಳೆಯಲ್ಲಿ ಇನ್ನೊಂದು ಗಡ್ಡೆ ಬೆಳೆಯುವ ಭಯ ಇದ್ದೇ ಇರುತ್ತದೆ.

ಇವು ಅಪರೂಪದ ಕಾಯಿಲೆಗಳು, ಒಪ್ಪುತ್ತೇನೆ. ಎಲ್ಲರಿಗೂ ಜೀನ್ ಪರೀಕ್ಷೆ ಮಾಡಿಸಿ ಎಂದೂ ಕೇಳುತ್ತಿಲ್ಲ. ಸಾಮಾನ್ಯ ಜನರ ಸೂಕ್ಷ್ಮತೆಯನ್ನು ಮೊದಲೇ ನಿಖರವಾಗಿ ಹೇಳುವ ಪರೀಕ್ಷೆ ಇನ್ನೂ ಆಸ್ಪತ್ರೆಗಳ ನಿತ್ಯಬಳಕೆಗೆ ಬಂದಿಲ್ಲ. ವೈದ್ಯರು ಅಗತ್ಯವೆಂದ ಎಕ್ಸ್‌ರೇಗೆ ಯಾರೂ ಹೆದರಬೇಕಿಲ್ಲ. ಎದೆಯ ಎಕ್ಸ್‌ರೇಯ ಪ್ರಮಾಣ ಸುಮಾರು 0.1 ಮಿಲಿಸೀವರ್ಟ್‌ಗಿಂತ ಹೆಚ್ಚಿಲ್ಲ. ಆದರೆ ಹೊಟ್ಟೆಯ ಸಿಟಿ ಸ್ಕ್ಯಾನ್‌ನಲ್ಲಿ ಅದು 10ರ ಆಸುಪಾಸಿಗೆ ಏರಬಹುದು. ಹಾಗಿದ್ದೂ ಒಂದು ಮಗುವಿಗೆ ಇಂಥ ಸ್ಕ್ಯಾನ್ ಎಷ್ಟು ಬಾರಿ ಆಗಿದೆ ಎಂಬ ಲೆಕ್ಕ ಒಂದೇ ಕಡೆ ಸಿಗಬೇಡವೇ?

ವಿಕಿರಣ ಚಿಕಿತ್ಸೆಗೆ ಮುನ್ನ ಕುಟುಂಬದ ಕ್ಯಾನ್ಸರ್ ಇತಿಹಾಸವನ್ನೂ ಹಿಂದಿನ ಚಿಕಿತ್ಸೆಗೆ ಚರ್ಮ ಹೇಗೆ ಸ್ಪಂದಿಸಿತು ಎಂಬುದನ್ನೂ ಕೇಳಿ ದಾಖಲಿಸುವುದು ಕಡ್ಡಾಯವಾಗಲಿ, ಅನುಮಾನ ಬಂದಲ್ಲಿ ಪರೀಕ್ಷೆಯ ಖರ್ಚನ್ನು ಸರ್ಕಾರ ಭರಿಸಲಿ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಜೊತೆಗೆ ಇನ್ನೊಂದು ಮಾತನ್ನೂ ಅದರಲ್ಲಿ ಸೇರಿಸಿ: ಸೂಕ್ಷ್ಮತೆಯ ವರದಿ ಉದ್ಯೋಗದಾತರ ಕೈಗಾಗಲಿ, ವಿಮಾ ಕಂಪನಿಯ ಕೈಗಾಗಲಿ ಹೋಗಕೂಡದು. ಇಲ್ಲದಿದ್ದರೆ ಯಂತ್ರಕ್ಕೆ ರಕ್ಷಣೆಯ ಗೋಡೆ ಕಟ್ಟುವ ಬದಲು ಕೆಲಸಗಾರನನ್ನೇ ಮನೆಗೆ ಕಳುಹಿಸುತ್ತಾರೆ.

ಇಂತಿ,
ನಿಮ್ಮ ಉತ್ತರಕ್ಕೆ ಕಾದಿರುವ ಒಬ್ಬ ನಾಗರಿಕ