ಆಯಿಲ್‌ನ ಕೆಂಪು ದೀಪ ಹತ್ತಿದರೆ ಮಂಡಿವರೆಗೂ ಓಡಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಮುಳಬಾಗಿಲು ಕಡೆಯಿಂದ ನನ್ನ ಟೆಂಪೊದಲ್ಲಿ ಟೊಮೆಟೊ ತುಂಬಿಕೊಂಡು ಕೋಲಾರದ ಎಪಿಎಂಸಿ ಮಂಡಿಗೆ ಹೊರಟಿದ್ದೆ. 15 ಕೆ.ಜಿ. ಬಾಕ್ಸ್‌ಗಳು, ಹರಾಜು ಶುರುವಾಗುವುದರೊಳಗೆ ಮಂಡಿ ಸೇರಬೇಕು ಅನ್ನುವ ಅವಸರ. ಹೆದ್ದಾರಿಯಲ್ಲಿ ಸ್ವಲ್ಪ ದೂರ ಬಂದಿದ್ದೆ, ಸ್ಟೇರಿಂಗ್ ಮುಂದೆ ಎಣ್ಣೆ ಡಬ್ಬಿ ಗುರುತಿನ ಕೆಂಪು ದೀಪ ಹತ್ತಿತು, ಎಂಜಿನ್ ಆಯಿಲ್ ಒತ್ತಡ ಇಳಿದಿದೆ ಅಂತ ಹೇಳುವ ದೀಪ. ಇನ್ನು ಹತ್ತು ಕಿಲೋಮೀಟರ್ ತಾನೆ, ಲೋಡ್ ಇಳಿಸಿ ನೋಡಿದರಾಯಿತು ಅಂತ ಹಾಗೇ ಓಡಿಸಿದೆ. ಕಟಕಟ ಸದ್ದು ಶುರುವಾಯಿತು, ಆಮೇಲೆ ಎಂಜಿನ್ ಸೀಜ್ ಆಗಿ, ಅಂದರೆ ಒಳಗೆ ಬಿಗಿದುಕೊಂಡು, ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹಿಡಿದಿರುವ ಬೇರಿಂಗ್ ಸುಟ್ಟುಹೋಗಿತ್ತು. ಹಿಂದಿನ ದಿನ ಗ್ಯಾರೇಜಿನಲ್ಲಿ ಆಯಿಲ್ ಫಿಲ್ಟರ್ ಬದಲಿಸುವಾಗ ಹಳೇ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿತ್ತು, ಅದನ್ನು ತೆಗೆಯದೆ ಹೊಸ ಫಿಲ್ಟರ್ ಬಿಗಿದಿದ್ದರು. ಆಯಿಲ್ ಎಲ್ಲ ಅಲ್ಲಿಂದಲೇ ಸೋರಿ ರಸ್ತೆ ಪಾಲಾಗಿತ್ತು. ದೀಪ ಹತ್ತಿದ ತಕ್ಷಣ ನಿಲ್ಲಿಸಿದ್ದರೆ ಹಳೇ ರಿಂಗ್ ಕಿತ್ತು, ಆಯಿಲ್ ಹಾಕಿ ಹೊರಡಬಹುದಿತ್ತು.

ನನ್ನ ಭಾವಮೈದ ಗೋವಾದಲ್ಲಿ ಹಾಯಿದೋಣಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಾನೆ. ಅವನು ಹೇಳಿದ ಮೇಲೇ ನನಗೆ ಅರ್ಥವಾಗಿದ್ದು, ಈ ದೀಪ ಮುಂಚೆಯೇ ಎಚ್ಚರಿಸುವ ದೀಪ ಅಲ್ಲ. ಓಡುವಾಗ ಆಯಿಲ್‌ಗೆ ಸಾಮಾನ್ಯವಾಗಿ 2ರಿಂದ 4 ಬಾರ್ (ಒತ್ತಡದ ಅಳತೆ) ಒತ್ತಡ ಇರಬೇಕು, ಹೆಚ್ಚಿನ ಎಂಜಿನ್‌ಗಳಲ್ಲಿ ದೀಪ ಹತ್ತೋದು ಸುಮಾರು 0.3ರಿಂದ 0.5 ಬಾರ್‌ಗೆ ಇಳಿದ ಮೇಲೆ. ಅಂದರೆ ಬೇರಿಂಗ್ ಮತ್ತು ಕ್ರ್ಯಾಂಕ್ ನಡುವೆ ಇರಬೇಕಾದ ಎಣ್ಣೆಯ ಪದರ ಆಗಲೇ ಹೋಗುತ್ತಿರುತ್ತದೆ. ಸಮುದ್ರದ ಮೇಲೆ ಈ ದೀಪ ಹತ್ತಿದರೆ ಅವರು ಮೊದಲು ಎಂಜಿನ್ ಆಫ್ ಮಾಡುತ್ತಾರೆ, ಹಾಯಿ ಏರಿಸುತ್ತಾರೆ, ದಡ ಹತ್ತಿರ ಇದ್ದರೆ ಲಂಗರು ಹಾಕುತ್ತಾರೆ, ಆಮೇಲೇ ಹುಡುಕುವ ಕೆಲಸ. ನಡುನೀರಲ್ಲೇ ನಿಲ್ಲಿಸುತ್ತಾರೆ ಅಂದ ಮೇಲೆ ನಮಗೆ ರಸ್ತೆ ಪಕ್ಕ ನಿಲ್ಲಿಸೋಕೆ ಏನು ಕಷ್ಟ?

ನಿಲ್ಲಿಸಿ ಹತ್ತು ನಿಮಿಷ ಬಿಟ್ಟು, ಗಾಡಿ ಸಮತಟ್ಟಾದ ಜಾಗದಲ್ಲಿದ್ದಾಗ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್, ತೆಗೆದು ಒರೆಸಿ ಮತ್ತೆ ಹಾಕಿ ನೋಡಬೇಕು. ಕೆಳಗೆ ಬಗ್ಗಿ ಫಿಲ್ಟರ್, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಸೋರುತ್ತಿದೆಯಾ ನೋಡಬೇಕು. ಆಯಿಲ್ ಹಾಲು ಹಾಕಿದ ಕಾಫಿ ಥರ ಕಂಡರೆ ನೀರು ಸೇರಿದೆ. ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೇರಿದೆ, ಆಗ ಮಟ್ಟ ಸರಿಯಾಗೇ ಕಾಣಬಹುದು, ಜಾಸ್ತಿಯೂ ಇರಬಹುದು, ಅದನ್ನು ನಂಬಬೇಡಿ. ಎಲ್ಲ ಸರಿ ಇದ್ದೂ ದೀಪ ಆರದಿದ್ದರೆ ಅದನ್ನು ಹತ್ತಿಸುವ ಸೆನ್ಸರ್ ಕೆಟ್ಟಿರಬಹುದು, ಆಯಿಲ್ ಪಂಪಿನ ಜಾಲರಿ ಕಟ್ಟಿರಲೂಬಹುದು. ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿ ನೋಡುವವರೆಗೂ ಸೆನ್ಸರ್ ತಪ್ಪು ಅಂತ ಯಾರೂ ಹೇಳಬಾರದು.

ನನಗೆ ತುಂಬಾ ಬೇಜಾರಾಗುವ ವಿಷಯ ಇನ್ನೊಂದಿದೆ. ಹಳೇ ಗಾಡಿ, ಟ್ರಾಕ್ಟರ್‌ಗಳಲ್ಲಿ ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ನಿಧಾನ ಓಡುತ್ತಾ ಇರುವಾಗ ಈ ದೀಪ ಮಿನುಗುತ್ತದೆ. ಬೇರಿಂಗ್ ಸವೆದಿರಬಹುದು, ಆಯಿಲ್ ತೀರಾ ತೆಳ್ಳಗಿರಬಹುದು. ಅದನ್ನು ನೋಡುವ ಬದಲು ವೈರನ್ನೇ ಕಿತ್ತುಬಿಡುತ್ತಾರೆ. ಆ ಗಾಡಿ ಸೆಕೆಂಡ್ ಹ್ಯಾಂಡ್ ಆಗಿ ಇನ್ನೊಬ್ಬ ರೈತನ ಕೈಗೆ ಹೋಗುತ್ತದೆ, ಅವನಿಗೆ ಗೊತ್ತೇ ಆಗುವುದಿಲ್ಲ. ಕೊಳ್ಳುವವರು ಕೀ ಆನ್ ಮಾಡಿ ನೋಡಲಿ. ಎಂಜಿನ್ ಸ್ಟಾರ್ಟ್ ಆಗುವ ಮುಂಚೆ ಕೆಂಪು ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತದಿದ್ದರೆ ಬಲ್ಬು ಹೋಗಿದೆಯಾ, ವೈರು ಕಿತ್ತಿದೆಯಾ ಅಂತ ಮೊದಲು ಕೇಳಲಿ.

ನಿಮ್ಮ ಕೃಷಿ ಪುಟದಲ್ಲಿ ಟೊಮೆಟೊ ಸೀಸನ್ ಮುಗಿಯುವುದರೊಳಗೆ ಆ ಎಣ್ಣೆ ಡಬ್ಬಿ ಗುರುತಿನ ಚಿತ್ರ ದೊಡ್ಡದಾಗಿ ಹಾಕಿ, ಪಕ್ಕದಲ್ಲಿ ‘ಹತ್ತಿದರೆ ಎಂಜಿನ್ ಆಫ್ ಮಾಡಿ’ ಅಂತ ಬರೆಯಿರಿ. ಓದೋಕೆ ಬಾರದ ಡ್ರೈವರ್‌ಗೂ ಚಿತ್ರ ಗೊತ್ತಾಗುತ್ತದೆ.

– ಒಬ್ಬ ಟೆಂಪೊ ಮಾಲೀಕ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ